ಕೆಂಪು ಬಣ್ಣದ ಕೆಳಗ

ಫಕ್ಕೀರಮ್ಮ ಟೀಚರ್ ಬಂದದ್ದು ಕರೆಂಟ್ ಹೋದ ಹೊತ್ತಿನ್ಯಾಗ.
ಅಕ್ಕಿ ಚೀಲದಾಗ ಒಂದು ಫೋಟೋ, ಮೂಲಿ ಇಲಿ ತಿಂದದ್ದು.
"ನಮ್ಮ ಸಾಲಿಗೆ ಎಪ್ಪತ್ತೈದಾತ್ರಿ.
ನೆನಪಿನ ಪುಸ್ತಕಕ್ಕ ನಮ್ಮೂರ ಹುಡೇದ ಫೋಟೋ ಬೇಕು.
ಹುಡೇ ಮುಂದನಽ ತಗಸಿದ್ದಂತ ಇದು.
ನೋಡ್ರಿ, ಹುಡೇನಽ ಇಲ್ಲ."

ಹೌದು, ಇಲ್ಲ.
ಜಮಖಾನಿ ಮ್ಯಾಲ ಹನ್ನೊಂದು ಮಂದಿ.
ನಡುವ ಅಂದಾನಗೌಡ್ರು, ರುಮಾಲು, ಬೆಳ್ಳಿ ಹಿಡಿಕಿ ಬಡಿಗಿ.
ಬಾಜೂಕ ಹೊಸಾ ಸೊಸಿ,
ಪಾದ ಕಾಣಬಾರದಂತ ಸೀರಿ ಎಳಕೊಂಡಾಳ,
ಆದರೂ ಒಂದು ಕಾಲುಂಗುರ ಕಾಣತೈತಿ.
ಹಿಂದ ಆಕಾಶ.
ಆಗಷ್ಟಽ ತೊಳದು ಹರವಿದ ಧೋತರದ್ಹಂಗ.
ಕಪ್ಪತಗುಡ್ಡದ ಸೀಮ್ಯಾಗ ಅಷ್ಟು ಬರೀ ಆಕಾಶ
ನಾ ಅಂತೂ ಕಂಡಿಲ್ಲ.

ಬೆನ್ನಿಗೆ ರಬ್ಬರ್ ಶಿಕ್ಕಾ:
ನಾಗೂಸಾ ಬಾಕಳೆ, ಬೆಟಗೇರಿ.
ನಮ್ಮಜ್ಜ.

ಮಗ್ಗ ಮಾರಿದ ಮ್ಯಾಲ ಖಾಲಿ ಉಳದ ಕುಣ್ಯಾಗ
ಅಜ್ಜನ ಗಾಜಿನ ಪ್ಲೇಟು ಅದಾವ, ಪೆಟಗಿಗಟ್ಟಲೆ.
ಪಾಸ್‌ಪೋರ್ಟ್ ಸೈಜು, ಝೆರಾಕ್ಸು, ಆಧಾರ್ ತಿದ್ದುಪಡಿ ನಡುವ
ನಾ ಅಲ್ಲಿಗೆ ಇಳಿಯೂದು ಕಡಿಮಿ.
ಇಳದೆ. ಮೊಬೈಲ್ ಬೆಳಕಿನ್ಯಾಗ ಅಜ್ಜನ ವಹಿ ಸಿಕ್ಕತು:
"ನಂಬರ್ ೪೭. ಗೌಡ್ರ ಮನಿತನ.
ಹುಡೇ ತಗೀಬೇಕು. ಎಂಟಾಣೆ ಜಾಸ್ತಿ."

ಗೌಡ್ರು ಏನಂದಿದ್ದರಂತ ಮನ್ಯಾಗ ಎಲ್ಲಾರಿಗೂ ಗೊತ್ತು,
ಅಜ್ಜ ಉಣ್ಣೂಮುಂದ ಹೇಳಿ ನಗತಿದ್ದ:
"ನನ್ನ ತಲಿ ಮ್ಯಾಲಿಂದನಽ ಎದ್ದಂಗ ಕಾಣತೈತಲ್ಲೋ,
ಕಣಜ ಹೊತ್ತ ಹಮಾಲನ ಮಾಡಿಯಲ್ಲೋ ನನ್ನ."

ಹನ್ನೆರಡು ವರ್ಷಕ್ಕ ಊರಾಗೂ ತಗದರು.
ಸಾಲಿಗೆ ಕಲ್ಲು ಬೇಕಾಗಿತ್ತು.
ಅದಕ್ಕ ಎಂಟಾಣೆ ಯಾರಿಗೂ ಕೊಡಲಿಲ್ಲ.

"ಮೂರನೇತ್ತಾದ ಗ್ವಾಡಿ ಪೂರಾ ಅದಽ ಕಲ್ಲು,"
ಟೀಚರ್ ಮ್ಯಾಲಿಂದ ಬಗ್ಗಿ ಹೇಳತಾರ.
"ಒಂದರಾಗ ಬಂದೂಕಿನ ಕಿಂಡಿ ಹಂಗಽ ಐತಿ,
ಹುಡುಗರು ಸೀಮೆಸುಣ್ಣ ಇಡತಾವ."

ಮತ್ತ ಫೋಟೋ ನೋಡಿದೆ. ಈ ಸಲ ಕೆಳಗ.
ಜಮಖಾನಿಯ ಮುಂದ, ನೆಲದ ಮ್ಯಾಲ,
ಹಲ್ಲು ಹಲ್ಲಾಗಿ ಒಂದು ನೆರಳಿನ ಅಂಚು.
ಗೌಡ್ರು, ಸೊಸಿ, ಮಡಲಾಗಿನ ಕೂಸು,
ಹನ್ನೊಂದು ಮಂದಿನೂ ಆ ನೆರಳಿನ ಒಳಗ.
ಬಿಸಲಾಗ ಕಣ್ಣು ಕಿರಿದಾಗತಾವಂತ
ಅಜ್ಜನಽ ಅಲ್ಲಿ ಕುಂಡ್ರಿಸಿರಬೇಕು.
ಹುಡೇ ತಗೀ ಅಂದವರು
ಅದರ ನೆರಳಾಗಿಂದ ಎದ್ದಽ ಇಲ್ಲ ಇನ್ನೂ.
ಹಲ್ಲಿನ ನಡುವ ಒಂದು ಉರುಟು ತಲಿ,
ಯಾರದೋ, ಮ್ಯಾಲ ಹತ್ತಿ ನಿಂತವರದು.
ಜಮಖಾನಿಗೆ ಕರೀದವರದು.

ಪ್ಲೇಟು ಬಾಗಲಾ ಬೆಳಕಿಗೆ ಹಿಡದೆ.
ಗೌಡ್ರು ಕಪ್ಪು ಮಾರಿ, ಬೆಳ್ಳನ ಮೀಸಿ.
ಅವರ ತಲಿ ಮ್ಯಾಲ,
ಒಣಗಿ ಹೆಪ್ಪಳಿಕಿ ಎದ್ದ ಕೆಂಪು ಬಣ್ಣದಾಗ
ಒಂದು ಹುಡೇ.
ಒಂದು ಹಲ್ಲೂ ಬಿಟ್ಟಿಲ್ಲ ಅಜ್ಜನ ಕುಂಚ,
ಮುಚ್ಚೂದಕ್ಕ ಹೋಗಿ ಅಷ್ಟೂ ತಿದ್ಯಾನ,
ಕಟ್ಟಿದವರೂ ಇಷ್ಟು ನಿಗಾ ಮಾಡಿರಲಿಕ್ಕಿಲ್ಲ.

ಈ ಬಣ್ಣ ನೀರಿಗೆ ಬಿಡತೈತಿ.
ಹಸೀ ಹತ್ತಿ ಬಳ್ಳಿಗೆ ಸುತ್ತಿಕೊಂಡು ಕುಂತೆ.
ಎಂಬತ್ತೇಳು ವರ್ಷದ ಕೆಲಸ, ಅದೂ ಅಜ್ಜಂದು.
ಕೈ ಏಳಲಿಲ್ಲ.
"ಕೆಳಗಿಂದ ಒರಸ್ರಿ," ಅಂದರು ಟೀಚರ್,
"ಕಟ್ಟೂವಾಗ ಕೆಳಗಿಂದನಽ ಕಟ್ಟತಾರಲ್ಲ."

ಒಂದು ವರಸಿ ಬಂತು.
ಬಟ್ಟಲಾಗಿನ ನೀರು ಕುಂಕುಮದ್ಹಂಗಾತು.
ಎರಡನೇದು. ನಡುವ ಎಲ್ಲೋ ಒಂದು ಬೇವಿನ ಸಸಿ,
ಕಲ್ಲಿನ ಸಂದಿಗೆ ಹುಟ್ಟಿದ್ದು, ಮೂರೋ ನಾಕೋ ಎಲಿ.
ಐದನೇ ವರಸಿಗೆ ಕಿಂಡಿ.

"ಹಾಂ ಹಾಂ, ನಿಲ್ಲರಿ," ಟೀಚರ್ ಬೆರಳು ಗಾಜಿಗೆ ಹತ್ತೇಬಿಟ್ಟತು,
"ಇದು ನಮ್ಮ ಸೀಮೆಸುಣ್ಣದ ಕಲ್ಲು."

ಕರೆಂಟ್ ಬಂತು. ಝೆರಾಕ್ಸ್ ಮಶೀನ್ ಗುರ್ ಅಂತು.
ಮ್ಯಾಲ ನಿಂತವರ ತಲಿ
ಇನ್ನೂ ಕೆಂಪಿನಾಗಽ ಐತಿ.